ಹಳೇ ಫ್ಲೈ ರಾಡಿನ ರೀಲ್ ಸೀಟ್ ಅಲ್ಲಾಡುತ್ತಿದೆಯಾ? ಬಿಚ್ಚಿ, ಮತ್ತೆ ಕೂರಿಸುವ ಬಗೆ

ಫ್ಲೈ ರಾಡ್ ಅಂದರೆ ಹುಳದಂಥ ಹಗುರ ಗಾಳವನ್ನು ಬೀಸಿ ಎಸೆದು ಮೀನು ಹಿಡಿಯುವ ಕೋಲು, ರೀಲ್ ಅಂದರೆ ಅದರ ದಾರ ಸುತ್ತಿಡುವ ಚಕ್ರ, ರೀಲ್ ಸೀಟ್ ಅಂದರೆ ಕೋಲಿನ ಬುಡದಲ್ಲಿ ಆ ಚಕ್ರ ಕೂರುವ ಜಾಗ. ರಾಡಿಗೆ ರೀಲ್ ಹಾಕಿ ಅಂಗಳದಲ್ಲಿ ಎರಡು ಸಲ ಬೀಸಿ ನೋಡಿ. ಬೀಸು ತಿರುಗುವ ಹೊತ್ತಿಗೆ ಅಂಗೈ ಕೆಳಗೆ 'ಟಿಕ್' ಅಂತ ಸಣ್ಣ ಸದ್ದು ಬಂದರೆ ನಿಮ್ಮ ರೀಲ್ ಸೀಟ್ ಸಡಿಲವಾಗಿದೆ ಎಂದರ್ಥ. ಕಿವಿಗಿಂತ ಮೊದಲು ಕೈಗೇ ಇದು ಗೊತ್ತಾಗುತ್ತದೆ.

ಗುದ್ದಲಿಯ ಕಾವು ಸಡಿಲವಾದರೆ ನಮ್ಮ ಕಡೆ ಏನು ಮಾಡುತ್ತೇವೆ? ರಾತ್ರಿಯೆಲ್ಲಾ ನೀರಲ್ಲಿ ನೆನೆಹಾಕುತ್ತೇವೆ. ಮರ ಉಬ್ಬಿ ಬಿಗಿಯಾಗುತ್ತದೆ. ನಾಲ್ಕು ದಿನ ಬಿಸಿಲು ಬಿದ್ದ ಮೇಲೆ ಮೊದಲಿಗಿಂತ ಜಾಸ್ತಿ ಅಲ್ಲಾಡುತ್ತದೆ, ಯಾಕೆಂದರೆ ಉಬ್ಬಿದ ಮರ ಕಬ್ಬಿಣಕ್ಕೆ ಒತ್ತಿಕೊಂಡು ನಜ್ಜುಗುಜ್ಜಾಗಿರುತ್ತದೆ. ಹಳೇ ರಾಡುಗಳಲ್ಲೂ ವರ್ಷ ವರ್ಷ ನಡೆದಿರುವುದು ಇದೇ. ಮಳೆಗಾಲದಲ್ಲಿ ಸೀಟಿನ ಒಳಗಿನ ಮರ ಉಬ್ಬುತ್ತದೆ, ಮಾರ್ಚ್ ಏಪ್ರಿಲ್‌ನಲ್ಲಿ ಕುಗ್ಗುತ್ತದೆ. ಅದರ ಸುತ್ತ ಇರುವ ಲೋಹ ಮಾತ್ರ ಇದ್ದಲ್ಲೇ ಇರುತ್ತದೆ. ನಡುವೆ ಸಿಕ್ಕಿಬಿದ್ದ ಅಂಟು ಐವತ್ತು ಅರವತ್ತು ವರ್ಷಕ್ಕೆ ಪುಡಿಯಾಗುತ್ತದೆ. ಅದಕ್ಕೇ ಬಿಗಿ ಮಾಡಲು ನೀರಿನ ಉಪಾಯ ಇಲ್ಲಿ ಬೇಡವೇ ಬೇಡ.

ನನ್ನ ಕೈಗೆ ಬಂದದ್ದು ಕೊಡಗಿನ ಕಾಫಿ ತೋಟದ ಮನೆಯೊಂದರ ಅಟ್ಟದಲ್ಲಿದ್ದ ಹಾರ್ಡಿ ರಾಡ್. ಇಂಗ್ಲೆಂಡಿನ ನಾರ್ತಂಬರ್‌ಲ್ಯಾಂಡಿನ ಆನಿಕ್ ಎಂಬ ಊರಿನಲ್ಲಿ 1872ರಲ್ಲಿ ಶುರುವಾದ ಹಾರ್ಡಿ ಕಂಪನಿಯ ಬಿದಿರಿನ ರಾಡುಗಳು ಒಂದು ಕಾಲಕ್ಕೆ ಇಂಡಿಯಾಕ್ಕೂ ಬರುತ್ತಿದ್ದವು. ತೋಟದ ದೊರೆಗಳು ಟ್ರೌಟ್ ಮೀನು ಹಿಡಿಯಲು ನೀಲಗಿರಿಗೆ ಹೋಗುತ್ತಿದ್ದರು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಅಂತೂ ಇಂಡಿಯಾದಲ್ಲಿ ಗಾಳ ಹಾಕುವುದರ ಬಗ್ಗೆ 1873ರಲ್ಲೇ ಪುಸ್ತಕ ಬರೆದಿದ್ದರು. ಹಾಗಾಗಿ ಹಳೇ ಮನೆಗಳ ಅಟ್ಟದಲ್ಲಿ ಕೊಡೆ, ಊರುಗೋಲುಗಳ ಜೊತೆ ಇಂಥದ್ದೊಂದು ಸಿಕ್ಕರೆ ಆಶ್ಚರ್ಯವೇನಿಲ್ಲ.

ಮೊದಲು, ಅಲ್ಲಾಡುತ್ತಿರುವುದು ಯಾವುದು?

ಅರ್ಧ ಕೆಲಸ ಇಲ್ಲೇ ಇದೆ. ಅವಸರ ಮಾಡಿ ಅಂಟು ಸುರಿಯುವವರು ತಪ್ಪುವುದೂ ಇಲ್ಲೇ.

ರೀಲ್ ಸೀಟ್ ಒಂದೇ ತುಂಡಲ್ಲ. ನಡುವೆ ಬಿದಿರು. ಅದರ ಮೇಲೆ ತೂತು ಕೊರೆದ ಮರದ ಅಥವಾ ಕಾರ್ಕಿನ ತುಂಡು, ಇದನ್ನು ದಿಂಡು ಅನ್ನೋಣ. ದಿಂಡಿನ ಮೇಲೆ ಲೋಹದ ಭಾಗಗಳು: ರೀಲಿನ ಪಾದದ, ಅಂದರೆ ಅದರ ಅಡಿಯ ಚಪ್ಪಟೆ ಪಟ್ಟಿಯ, ಒಂದು ತುದಿ ತೂರಿಸುವ ಟೋಪಿ, ಇನ್ನೊಂದು ತುದಿಯನ್ನು ಒತ್ತಿ ಹಿಡಿಯುವ ಜಾರುವ ಬಳೆ ಅಥವಾ ತಿರುಪಿನ ನಟ್ಟು, ತುದಿಯಲ್ಲಿ ಮುಚ್ಚಳ. ಇಷ್ಟರಲ್ಲಿ ಯಾವ ಎರಡರ ನಡುವಿನ ಹಿಡಿತ ತಪ್ಪಿದರೂ ಕೈಗೆ ಗೊತ್ತಾಗುವ 'ಟಿಕ್' ಒಂದೇ ಥರ ಇರುತ್ತದೆ.

ರಾಡಿನ ತುಂಡುಗಳನ್ನು ಬೇರೆ ಮಾಡಿ, ಬುಡದ ತುಂಡನ್ನು ಮಾತ್ರ ಕೈಗೆ ತಗೊಳ್ಳಿ. ರೀಲ್ ತೆಗೆದಿಡಿ. ಕಾರ್ಕ್ ಹಿಡಿಯಿಂದ ದಿಂಡಿಗೆ, ದಿಂಡಿನಿಂದ ಲೋಹಕ್ಕೆ ಹಾದುಹೋಗುವಂತೆ ಪೆನ್ಸಿಲ್ಲಿನಲ್ಲಿ ಒಂದೇ ನೇರ ಗೆರೆ ಎಳೆಯಿರಿ. ಒಂದು ಕೈಯಲ್ಲಿ ಕಾರ್ಕ್ ಹಿಡಿಯನ್ನು, ಇನ್ನೊಂದರಲ್ಲಿ ಸೀಟನ್ನು ಹಿಡಿದು ಮೆತ್ತಗೆ ತಿರುಚಿ. ಗೆರೆ ಎಲ್ಲಿ ಮುರಿಯಿತೋ ರೋಗ ಅಲ್ಲಿದೆ.

ದಿಂಡು, ಲೋಹ ಎರಡೂ ಒಟ್ಟಿಗೆ ತಿರುಗಿದರೆ ಬಿದಿರಿಗೂ ದಿಂಡಿಗೂ ನಡುವಿನ ಅಂಟು ಹೋಗಿದೆ. ದೊಡ್ಡ ಕೆಲಸ ಇದೇ. ಲೋಹ ಮಾತ್ರ ತಿರುಗಿದರೆ ಬಚಾವಾದಿರಿ, ಅದನ್ನಷ್ಟೇ ಬಿಚ್ಚಿ ಕೂರಿಸಿದರೆ ಆಯ್ತು. ಗೆರೆ ಮುರಿಯದೇ ರೀಲ್ ಹಾಕಿದಾಗ ಮಾತ್ರ ಅಲ್ಲಾಟ ಇದ್ದರೆ ಸೀಟಿನ ತಪ್ಪೇ ಅಲ್ಲ, ರೀಲಿನ ಪಾದ ಮತ್ತು ಬಳೆ ಒಂದಕ್ಕೊಂದು ಹೊಂದುತ್ತಿಲ್ಲ. ಹಳೇ ರೀಲುಗಳ ಪಾದ ಒಂದೊಂದು ಒಂದೊಂದು ಅಳತೆ. ಬೇರೆ ರೀಲ್ ಹಾಕಿ ನೋಡಿ. ಅದೂ ಅಲ್ಲಾಡಿದರೆ ಬಳೆ ಅಂಡಾಕಾರಕ್ಕೆ ಬಂದಿರಬಹುದು, ಅದನ್ನು ಒಂದು ಗುಂಡನೆಯ ಮರದ ಕಡ್ಡಿಗೆ ತೊಡಿಸಿ ಬೆರಳಲ್ಲೇ ಒತ್ತಿ ಸರಿಮಾಡಬಹುದು. ಪಾದವನ್ನು ಅರದಲ್ಲಿ ಉಜ್ಜಬೇಡಿ. ಹಳೇ ರೀಲಿನ ಬೆಲೆ ಕೆಲವು ಸಲ ರಾಡಿಗಿಂತ ಜಾಸ್ತಿ ಇರುತ್ತದೆ.

ಇನ್ನೊಂದು ಪರೀಕ್ಷೆ. ಉಗುರಿನಿಂದ ಸೀಟಿನ ಉದ್ದಕ್ಕೂ ತಟ್ಟುತ್ತಾ ಹೋಗಿ. ಅಂಟು ಇರುವ ಕಡೆ ಗಟ್ಟಿ ಸದ್ದು, ಇಲ್ಲದ ಕಡೆ ಟೊಳ್ಳು ಸದ್ದು. ತೆಂಗಿನಕಾಯಿ ತಟ್ಟಿ ನೋಡುವ ಅಭ್ಯಾಸ ಇದ್ದವರಿಗೆ ಇದು ಕಷ್ಟವಲ್ಲ.

ಬೇಕಾದ ಸಾಮಾನು

ಹೇರ್ ಡ್ರೈಯರ್. ಹಳೇ ಸೈಕಲ್ ಟ್ಯೂಬಿನ ಎರಡು ತುಂಡು. ನಿಧಾನಕ್ಕೆ ಗಟ್ಟಿಯಾಗುವ ಎರಡು ಟ್ಯೂಬಿನ ಎಪಾಕ್ಸಿ, ಅಂದರೆ ಅಂಗಡಿಯಲ್ಲಿ ಸಿಗುವ ಮಾಮೂಲಿ ಅರಾಲ್ಡೈಟ್ ಸ್ಟ್ಯಾಂಡರ್ಡ್. ದಪ್ಪ ಹತ್ತಿ ದಾರ. 120 ನಂಬರಿನ ಎಮರಿ ಪೇಪರ್. ಮಾಸ್ಕಿಂಗ್ ಟೇಪ್, ಹಳೇ ಬನಿಯನ್ ಬಟ್ಟೆ, ಮೆಡಿಕಲ್ ಶಾಪಿನ ಸ್ಪಿರಿಟ್, ಭೂತಗನ್ನಡಿ, ಟಾರ್ಚ್. ಪಿನ್ ಇದ್ದರೆ ಒಂದು ಮಿಲಿಮೀಟರಿನ ಆಸುಪಾಸಿನ ಡ್ರಿಲ್ ಬಿಟ್‌ಗಳು ಮತ್ತು ಅವನ್ನು ಕೈಯಲ್ಲೇ ತಿರುಗಿಸುವ ಸಣ್ಣ ಹಿಡಿ. ಚಿನ್ನ ಬೆಳ್ಳಿ ಕೆಲಸದವರ ಬಳಿ ಈ ಹಿಡಿ ಇರುತ್ತದೆ.

ಅಂಟಿನ ಬಗ್ಗೆ ಎರಡು ಮಾತು. ಫೆವಿಕ್ವಿಕ್ ಬೇಡ. ಅದು ಸಂದು ತುಂಬುವುದಿಲ್ಲ, ಗಟ್ಟಿಯಾದ ಮೇಲೆ ಪೆಡಸು, ಬೀಸಿನ ಏಟಿಗೆ ಬಿರಿಯುತ್ತದೆ. ಬಿಳಿ ಫೆವಿಕಾಲ್ ಲೋಹಕ್ಕೆ ಹಿಡಿಯುವುದಿಲ್ಲ. ಐದು ನಿಮಿಷದ ಎಪಾಕ್ಸಿ ಆಸೆ ಹುಟ್ಟಿಸುತ್ತದೆ, ಆದರೆ ಸೀಟನ್ನು ನೇರ ಮಾಡುವಷ್ಟರಲ್ಲಿ ಅದು ಗಟ್ಟಿಯಾಗಿ ಕೂತಿರುತ್ತದೆ. ನೊರೆ ಬಂದು ಉಬ್ಬುವ ಪಾಲಿಯುರೆಥೇನ್ ಅಂಟು ಕಾರ್ಕಿನ ಕೆಳಗಿನಿಂದ ಎಲ್ಲೆಲ್ಲೋ ಹೊರಬರುತ್ತದೆ. ನಿಧಾನದ ಎಪಾಕ್ಸಿಯೇ ಸರಿ. ಮುಂದೆ ಯಾರಾದರೂ ಬಿಚ್ಚಬೇಕಾದರೆ ಬಿಸಿ ಮಾಡಿದಾಗ ಅದೂ ಮೆತ್ತಗಾಗುತ್ತದೆ.

ಪಿನ್ ಹುಡುಕಿ

ಹಳೇ ಸೀಟುಗಳಲ್ಲಿ ಲೋಹದ ಟೋಪಿ ಅಥವಾ ಮುಚ್ಚಳದ ಮೂಲಕ ಮರಕ್ಕೆ ಸಣ್ಣ ಪಿನ್ ಹೊಡೆದಿರುತ್ತಾರೆ. ಅದನ್ನು ನೋಡದೇ ಎಳೆದರೆ ಮರ ಸೀಳುತ್ತದೆ. ಪಿನ್ನಿನ ತಲೆಯನ್ನು ಲೋಹದ ಮಟ್ಟಕ್ಕೇ ಉಜ್ಜಿ ಪಾಲಿಶ್ ಮಾಡಿರುತ್ತಾರಾದ್ದರಿಂದ ಎದುರಿನಿಂದ ಕಾಣುವುದಿಲ್ಲ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಲೋಹಕ್ಕೆ ಅಡ್ಡಲಾಗಿ ಹಿಡಿದು ಸೀಟನ್ನು ನಿಧಾನ ತಿರುಗಿಸಿ. ಸೂಜಿಮೊನೆಯಷ್ಟು ಒಂದು ಉಂಗುರ ಮಿನುಗಿದರೆ ಅದೇ ಪಿನ್. ನನ್ನ ರಾಡಿನಲ್ಲಿ ಅದು ರೀಲ್ ಪಾದದ ಕೆಳಗೆ ಬರುವ ಜಾಗದಲ್ಲೇ ಇತ್ತು. ಎರಡು ದಿನ ಹುಡುಕಿದ್ದೆ.

ಪಿನ್ ಆರಪಾರ ಇದ್ದರೆ ಸಣ್ಣ ಮೊಳೆಯ ಮೊನೆ ಚಪ್ಪಟೆ ಮಾಡಿಕೊಂಡು ಒಂದು ಕಡೆಯಿಂದ ಮೆಲ್ಲಗೆ ತಟ್ಟಿ ಹೊರದೂಡಿ. ಒಂದೇ ಕಡೆ ಇದ್ದು ಮರದಲ್ಲೇ ನಿಂತಿದ್ದರೆ, ಪಿನ್ನಿಗಿಂತ ಕೂದಲಷ್ಟು ಸಣ್ಣ ಬಿಟ್ ಹಾಕಿ ಕೈಯಲ್ಲೇ ತಿರುಗಿಸುತ್ತಾ ಕೊರೆಯಿರಿ. ಮೊದಲು ನಡುವೆ ಸೂಜಿಯಿಂದ ಗುಳಿ ಮಾಡಿಕೊಳ್ಳಿ, ಇಲ್ಲದಿದ್ದರೆ ಬಿಟ್ ಜಾರಿ ಲೋಹದ ಮೇಲೆ ಗೀಟು ಬೀಳುತ್ತದೆ. ಕರೆಂಟಿನ ಡ್ರಿಲ್ ಇಲ್ಲಿ ಹತ್ತಿರಕ್ಕೂ ಬರಬಾರದು.

ಬಿಸಿ ಮಾಡಿ ಬಿಚ್ಚುವುದು

ಇಲ್ಲಿ ನನ್ನ ಪೆದ್ದುತನದ ಕತೆ ಹೇಳಲೇಬೇಕು. ಇದಕ್ಕಿಂತ ಮೊದಲು ಒಂದು ಹೆಸರಿಲ್ಲದ ಹಳೇ ರಾಡಿನ ಸೀಟನ್ನು ಗ್ಯಾಸ್ ಒಲೆಯ ಸಣ್ಣ ಉರಿಯ ಮೇಲೆ ತಿರುಗಿಸುತ್ತಾ ಬಿಸಿ ಮಾಡಿದ್ದೆ. ಸೀಟು ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು. ಖುಷಿಯಲ್ಲಿ ಬಿದಿರಿನ ತುದಿ ನೋಡಿದೆ. ಆರು ಪಟ್ಟಿಗಳಲ್ಲಿ ಎರಡು ಬಾಯಿ ಬಿಟ್ಟಿದ್ದವು.

ಈ ರಾಡುಗಳು ಇಡೀ ಬಿದಿರಿನವಲ್ಲ. ಬಿದಿರನ್ನು ಸೀಳಿ, ಒಂದೊಂದು ಪಟ್ಟಿಯನ್ನೂ ತ್ರಿಕೋನಕ್ಕೆ ತೆಗೆದು, ಆರು ಪಟ್ಟಿ ಕೂಡಿಸಿ ಅಂಟಿಸಿರುತ್ತಾರೆ. ಆಗ ಷಟ್ಕೋನದ ಕೋಲಾಗುತ್ತದೆ. ಹಳೆಯವುಗಳಲ್ಲಿ ಈ ಅಂಟು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಸರೇಸು. ಬಿಸಿ, ತೇವ ಎರಡಕ್ಕೂ ಕರಗುತ್ತದೆ. ಸೀಟಿನ ಅಂಟು ಕರಗಬೇಕು, ಬಿದಿರಿನ ಅಂಟು ಕರಗಬಾರದು. ಕೆಲಸದ ಸೂಕ್ಷ್ಮ ಇಷ್ಟೇ. (ತೀರಾ ಹಳೇ ರಾಡುಗಳಲ್ಲಿ ಇರುತ್ತಿದ್ದುದು ನಮ್ಮ ದೇಶದ್ದೇ ಗಟ್ಟಿ ಬಿದಿರು, ಅದಕ್ಕೆ ಕಲ್ಕತ್ತಾ ಕೇನ್ ಅಂತ ಹೆಸರು. ಆಮೇಲೆ ದಕ್ಷಿಣ ಚೀನಾದ ಟೊಂಕಿನ್ ಬಿದಿರು ಬಂದು ಅದನ್ನು ಮೂಲೆಗೆ ತಳ್ಳಿತು.)

ಈಗ ನಾನು ಮಾಡುವುದು ಹೀಗೆ. ಕಾರ್ಕ್ ಹಿಡಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸುತ್ತಿ, ಅದರ ಮೇಲೆ ಒದ್ದೆ ಬಟ್ಟೆ ಸುತ್ತುತ್ತೇನೆ. ಹಾಳೆ ಇರುವುದರಿಂದ ತೇವ ಕಾರ್ಕಿಗೆ ಇಳಿಯುವುದಿಲ್ಲ, ಬಟ್ಟೆ ಇರುವುದರಿಂದ ಬಿಸಿ ಮೇಲಕ್ಕೆ ಹೋಗುವುದಿಲ್ಲ. ಆಮೇಲೆ ಹೇರ್ ಡ್ರೈಯರ್ ಅನ್ನು ಲೋಹಕ್ಕೆ ಮಾತ್ರ ಹಿಡಿದು, ಸೀಟನ್ನು ತಿರುಗಿಸುತ್ತಾ ಎರಡು ನಿಮಿಷ ಬಿಸಿ ಮಾಡುತ್ತೇನೆ. ಬಿಸಿ ಎಷ್ಟಿರಬೇಕು ಅಂದರೆ, ಲೋಹ ಮುಟ್ಟಿದರೆ ಕೈ ಹಿಂದಕ್ಕೆ ಬರಬೇಕು, ಆದರೆ ಒಂದು ಹನಿ ನೀರು ಬಿಟ್ಟರೆ 'ಚುರ್' ಅನ್ನಬಾರದು. ಚುರ್ ಅಂದರೆ ಜಾಸ್ತಿಯಾಯಿತು.

ಸೈಕಲ್ ಟ್ಯೂಬಿನ ತುಂಡು ಸುತ್ತಿ ಸೀಟನ್ನು ಹಿಡಿಯಿರಿ. ಇನ್ನೊಂದು ತುಂಡಿನಲ್ಲಿ ಹಿಡಿಯ ಕೆಳಭಾಗ, ಸೀಟಿಗೆ ಹತ್ತಿರ. ಹಿಡಿಯ ಮೇಲಿನ ಬಿದಿರನ್ನು ಹಿಡಿದು ಎಳೆಯಲೇಬೇಡಿ. ಮೊದಲು ಕೂದಲೆಳೆಯಷ್ಟು ಅತ್ತ ಇತ್ತ ತಿರುಚಿ, ಆಮೇಲೆ ನೇರ ಎಳೆಯಿರಿ. ಬರದಿದ್ದರೆ ಬಲ ಹಾಕಬೇಡಿ. ತಣ್ಣಗಾಗಲು ಬಿಡಿ, ಮತ್ತೆ ಎರಡು ನಿಮಿಷ ಬಿಸಿ ಮಾಡಿ. ಹಿಗ್ಗಿ ಕುಗ್ಗಿ ಹಿಗ್ಗಿ ಕುಗ್ಗಿಯೇ ಹಳೇ ಅಂಟು ಸೋಲುತ್ತದೆ. ಹಾರ್ಡಿಯ ಸೀಟು ಬಂದದ್ದು ಏಳನೇ ಸುತ್ತಿಗೆ. ಒಳಗಿದ್ದ ಅಂಟು ನಶ್ಯದ ಪುಡಿಯಂತೆ ಕಂದು ಬಣ್ಣದಲ್ಲಿ ಅಂಗೈಗೆ ಉದುರಿತು.

ಹತ್ತು ಸುತ್ತಾದರೂ ಜಗ್ಗದಿದ್ದರೆ? ಹಿಂದೆ ಯಾರೋ ಎಪಾಕ್ಸಿ ಹಾಕಿ ಒಂದು ಕಡೆ ಭದ್ರ ಮಾಡಿದ್ದಾರೆ, ಇನ್ನೊಂದು ಕಡೆ ಬಿಟ್ಟಿದೆ ಎಂದರ್ಥ. ಆಗ ಎಳೆದಾಟ ನಿಲ್ಲಿಸಿ. ರೀಲಿನ ಪಾದದ ಕೆಳಗೆ ಮುಚ್ಚಿಹೋಗುವ ಜಾಗದಲ್ಲಿ, ಟೊಳ್ಳು ಸದ್ದು ಬಂದ ಕಡೆ, ದಿಂಡಿಗೆ ಒಂದೂವರೆ ಮಿಲಿಮೀಟರಿನ ಎರಡು ತೂತು ಕೊರೆಯಿರಿ. ಬಿದಿರು ಮುಟ್ಟುವ ಮೊದಲೇ ನಿಲ್ಲಬೇಕು, ಅದಕ್ಕೆ ಬಿಟ್‌ಗೆ ಟೇಪ್ ಸುತ್ತಿ ಆಳದ ಗುರುತು ಮಾಡಿಕೊಳ್ಳಿ. ಎಪಾಕ್ಸಿಯನ್ನು ಬಿಸಿನೀರಿನ ಲೋಟದಲ್ಲಿ ಟ್ಯೂಬ್ ಇಟ್ಟು ತೆಳು ಮಾಡಿಕೊಂಡು, ಕಲಸಿ, ದಪ್ಪ ಸೂಜಿಯ ಸಿರಿಂಜಿನಲ್ಲಿ ಒಂದು ತೂತಿನಿಂದ ಒತ್ತಿ. ಇನ್ನೊಂದರಿಂದ ಅಂಟು ಹೊರಬಂದರೆ ಒಳಗೆ ತುಂಬಿತು. ಬೆಚ್ಚಗಿನ ಎಪಾಕ್ಸಿ ಬೇಗ ಗಟ್ಟಿಯಾಗುತ್ತದೆ, ಹಾಗಾಗಿ ಕಲಸಿದ ಮೇಲೆ ಫೋನ್ ಬಂದರೂ ಎತ್ತಬೇಡಿ. ಇದು ಎರಡನೇ ದರ್ಜೆಯ ರಿಪೇರಿ, ಆದರೆ ರಾಡ್ ಮುರಿಯುವುದಕ್ಕಿಂತ ವಾಸಿ.

ಕ್ಲೀನ್ ಮಾಡುವಾಗ

ಬಿದಿರಿನ ಮೇಲಿನ ಹಳೇ ಅಂಟನ್ನು ಮೊಂಡು ಚಾಕುವಿನಿಂದ ಕೆರೆಯಿರಿ. ಷಟ್ಕೋನದ ಮೂಲೆಗಳನ್ನು ಗುಂಡಗೆ ಮಾಡಬೇಡಿ, ಬಿದಿರಿನ ಹೊರಗಿನ ನಾರಿನಲ್ಲೇ ಅದರ ಶಕ್ತಿ ಇರುವುದು. ಬಾಯಿ ಬಿಟ್ಟ ಪಟ್ಟಿ ಕಂಡರೆ ಸಂದಿಗೆ ಎಪಾಕ್ಸಿ ತೂರಿಸಿ, ದಾರ ಬಿಗಿಯಾಗಿ ಸುತ್ತಿ ಒಂದು ದಿನ ಬಿಡಿ, ಆಮೇಲೆ ಮುಂದಿನ ಕೆಲಸ.

ಲೋಹದ ಒಳಭಾಗವನ್ನು ಪೆನ್ಸಿಲ್ಲಿಗೆ ಎಮರಿ ಪೇಪರ್ ಸುತ್ತಿ ಉಜ್ಜಿ. ನುಣುಪಾದ ಲೋಹಕ್ಕೆ ಅಂಟು ಕಚ್ಚುವುದಿಲ್ಲ, ಗೀಟು ಗೀಟಾಗಿರಬೇಕು. ಆಮೇಲೆ ಸ್ಪಿರಿಟ್ಟಿನಲ್ಲಿ ಒರೆಸಿ. ಬೆರಳಿನ ಎಣ್ಣೆಯೂ ಸಾಕು ಅಂಟು ಕೈಕೊಡಲು.

ಹೊರಗಡೆ? ಮುಟ್ಟಬೇಡಿ. ಮನೆಯಲ್ಲಿ ಯಾರಾದರೂ ಹುಣಸೆಹಣ್ಣು ಹಾಕಿ ಬೆಳಗಿ ಕೊಡುತ್ತೇನೆ ಅಂದರೆ ಕೈಮುಗಿದು ಬೇಡ ಅನ್ನಿ. ಹಿತ್ತಾಳೆ, ಜರ್ಮನ್ ಸಿಲ್ವರ್ ಮೇಲೆ ಕೂತಿರುವ ಮಂಕು ಬಣ್ಣಕ್ಕೆ ಎಂಟು ಹತ್ತು ದಶಕದ ವಯಸ್ಸಿದೆ, ಹಳೇ ಸಾಮಾನು ಪ್ರೀತಿಸುವವರು ಮೊದಲು ನೋಡುವುದೇ ಅದನ್ನು. ಇನ್ನೊಂದು ಎಚ್ಚರಿಕೆ: ಕೆಲವು ರಾಡುಗಳಲ್ಲಿ ಹಿಡಿಯ ಮೇಲಿನ ಬಿದಿರಿನಲ್ಲಿ ಶಾಯಿಯಿಂದ ಕಂಪನಿ ಹೆಸರು, ಮಾದರಿ ಬರೆದು ವಾರ್ನಿಶ್ ಬಳಿದಿರುತ್ತಾರೆ. ಅಸಿಟೋನ್ ಅಥವಾ ನೇಲ್ ಪಾಲಿಶ್ ರಿಮೂವರ್ ತಾಗಿದರೆ ಒಂದೇ ಒರೆಸಿಗೆ ರಾಡಿನ ಜಾತಕ ಹೋಗುತ್ತದೆ. ಆ ಜಾಗಕ್ಕೆ ಮೊದಲೇ ಬಟ್ಟೆ ಸುತ್ತಿಡಿ.

ದಿಂಡಿನಲ್ಲಿ ಕೂದಲು ಬಿರುಕಿದ್ದರೆ ಅಂಟು ಹಾಕಿ ಕಟ್ಟಿದರೆ ಸಾಕು. ಪೂರ್ತಿ ಹೋಗಿದ್ದರೆ ಹೊಸದು ಬೇಕು. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಯಾವುದೇ ಲೇತ್ ಕೆಲಸದವರು ಹತ್ತು ನಿಮಿಷದಲ್ಲಿ ತಿರುವಿ ಕೊಡುವ ಕೆಲಸ ಇದು. ಅಲ್ಲಿ ಮಾಮೂಲಾಗಿ ಬಳಸುವ ಹಾಲೆ ಮರ ಇದಕ್ಕೆ ಮೆತ್ತಗಾಯಿತು, ಬೀಟೆಯದ್ದೋ ತೇಗದ್ದೋ ಒಣಗಿದ ತುಂಡು ನೀವೇ ಒಯ್ಯಿರಿ. ಮೊದಲು ತೂತು ಕೊರೆದು, ಆ ತೂತನ್ನೇ ನಡು ಮಾಡಿಕೊಂಡು ಹೊರಗೆ ತಿರುವಲು ಹೇಳಿ. ತಿರುವಿದ ಮೇಲೆ ತೂತು ಕೊರೆದರೆ ಒಂದು ಕಡೆ ವಾಲುವುದು ಗ್ಯಾರಂಟಿ.

ಸಂದು ತುಂಬಿ ಕೂರಿಸುವುದು

ಬಿದಿರು ಷಟ್ಕೋನ, ದಿಂಡಿನ ತೂತು ಗುಂಡಗೆ. ನಡುವೆ ಸಂದು ಇದ್ದೇ ಇರುತ್ತದೆ. ಬರೀ ಅಂಟಿನಿಂದ ಅದನ್ನು ತುಂಬಲು ಹೋದರೆ ಅಂಟು ಗಟ್ಟಿಯಾಗುವಷ್ಟರಲ್ಲಿ ಸೀಟು ಒಂದು ಕಡೆ ಇಳಿದಿರುತ್ತದೆ. ಅದಕ್ಕೆ ದಾರ ಸುತ್ತಬೇಕು. ಹಲವರು ಮಾಸ್ಕಿಂಗ್ ಟೇಪ್ ಸುತ್ತುತ್ತಾರೆ, ನನಗೆ ಒಪ್ಪಿಗೆಯಿಲ್ಲ. ಆಗ ಅಂಟು ಹಿಡಿಯುವುದು ಬಿದಿರನ್ನಲ್ಲ, ಕಾಗದವನ್ನು.

ಹತ್ತಿ ದಾರವನ್ನು ಮೂರು ಕಡೆ, ಬೆರಳಗಲದ ಪಟ್ಟಿಯಂತೆ ಸುತ್ತಿ. ಪಟ್ಟಿಗಳ ನಡುವೆ ಬಿದಿರು ಬರಿದಾಗಿ ಕಾಣಬೇಕು, ಅಂಟು ನೇರವಾಗಿ ಹಿಡಿಯುವುದು ಅಲ್ಲೇ. ಒಂದು ಸುತ್ತು ಹಾಕಿ, ದಿಂಡು ತೂರಿಸಿ ನೋಡಿ, ಇನ್ನೊಂದು ಸುತ್ತು ಹಾಕಿ. ಒಣಗಿದ್ದಾಗ ದಿಂಡು ಬೆರಳೊತ್ತಿಗೆ ಹೋಗಬೇಕು, ತಾನಾಗಿ ಜಾರಬಾರದು. ಕೊನೆಗೆ ಮೂರೂ ಪಟ್ಟಿಗಳ ಮೇಲೆ ಉದ್ದಕ್ಕೆ ಒಂದು ಸಣ್ಣ ಕಾಲುವೆ ಮಾಡಿ ಬಿಡಿ, ಅಂದರೆ ದಾರವನ್ನು ಬ್ಲೇಡಿನಿಂದ ಒಂದು ಗೆರೆಯಲ್ಲಿ ಕತ್ತರಿಸಿ, ಎರಡೂ ಅಂಚು ಸ್ವಲ್ಪ ಅಗಲಿಸಿ, ಬಿದಿರಿಗೆ ಬ್ಲೇಡ್ ತಾಗದಂತೆ. ದಾರ ಬಿಚ್ಚಿಕೊಳ್ಳದಂತೆ ಮೊದಲೇ ಒಂದು ಕೈ ತೆಳು ಎಪಾಕ್ಸಿ ಸವರಿ ಒಣಗಿಸಿರಬೇಕು.

ಈ ಕಾಲುವೆ ಯಾಕೆ? ತುದಿ ಮುಚ್ಚಿದ ಸೀಟಿಗೆ ಅಂಟು ಹಚ್ಚಿದ ಬಿದಿರು ತೂರಿಸಿದಾಗ ಒಳಗಿನ ಗಾಳಿಗೆ ಹೊರಬರಲು ದಾರಿ ಇರುವುದಿಲ್ಲ. ಅದು ಸ್ಪ್ರಿಂಗಿನಂತೆ ಒತ್ತಿಕೊಂಡು ಕೂತು, ನೀವು ಕೈ ಬಿಟ್ಟ ಮೇಲೆ ಸೀಟನ್ನು ಮೆಲ್ಲಗೆ ಹೊರಕ್ಕೆ ತಳ್ಳುತ್ತದೆ. ರಾತ್ರಿ ಚೆನ್ನಾಗಿ ಕೂರಿಸಿ ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಹಿಡಿಗೂ ಸೀಟಿಗೂ ನಡುವೆ ಒಂದು ರೂಪಾಯಿ ನಾಣ್ಯ ತೂರುವಷ್ಟು ಸಂದು. ಮತ್ತೆ ಹೇರ್ ಡ್ರೈಯರ್, ಮತ್ತೆ ಒದ್ದೆ ಬಟ್ಟೆ.

ಈಗ ಅಂಟು. ಎರಡೂ ಟ್ಯೂಬಿನಿಂದ ಸಮ ಸಮ, ಕನಿಷ್ಠ ಎರಡು ನಿಮಿಷ ಕಲಸಿ. ಬಿದಿರಿಗೂ ದಿಂಡಿನ ಒಳಗೂ ತೆಳುವಾಗಿ ಹಚ್ಚಿ. ನಿಧಾನ ತಿರುಗಿಸುತ್ತಾ ತೂರಿಸಿ, ಹಿಡಿಗೆ ತಾಗುವವರೆಗೆ ಒತ್ತಿ. ಉಕ್ಕಿ ಬಂದ ಅಂಟನ್ನು ಸ್ಪಿರಿಟ್ ಬಟ್ಟೆಯಲ್ಲಿ ಆಗಲೇ ಒರೆಸಿ.

ತಕ್ಷಣ ಮಾಡಬೇಕಾದದ್ದು ರೀಲ್ ಹಾಕುವುದು. ರಾಡಿನ ಎಲ್ಲಾ ತುಂಡು ಜೋಡಿಸಿ, ಬುಡದಿಂದ ಒಂದು ಕಣ್ಣು ಮುಚ್ಚಿ ನೋಡಿ. ರೀಲಿನ ಪಾದ ಮತ್ತು ದಾರ ಹಾಯುವ ಬಳೆಗಳು ಎಲ್ಲಾ ಒಂದೇ ಸಾಲಿನಲ್ಲಿ ಬರಬೇಕು. ಬುಡದಲ್ಲಿ ಒಂದು ಮಿಲಿಮೀಟರ್ ತಪ್ಪಿದರೂ ಬೀಸುವಾಗ ರೀಲ್ ಒಂದು ಕಡೆ ಎಳೆಯುವುದು ಗೊತ್ತಾಗುತ್ತದೆ. ನಿಧಾನದ ಎಪಾಕ್ಸಿ ನಿಮಗೆ ಕೊಡುವ ಸಮಯ ಇದಕ್ಕೇ. ಸರಿಯಾದ ಮೇಲೆ ರೀಲ್ ತೆಗೆದು, ಸೀಟಿನ ತುದಿಯಿಂದ ಹಿಡಿಯವರೆಗೆ ರಬ್ಬರ್ ಬ್ಯಾಂಡ್ ಎಳೆದು ಕಟ್ಟಿ. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಸಾಲು ನೋಡಿ. ಇಪ್ಪತ್ತನಾಲ್ಕು ಗಂಟೆ ಮುಟ್ಟಬೇಡಿ, ಮಡಿಕೇರಿಯ ಜುಲೈ ಥರದ ಚಳಿ ಇದ್ದರೆ ಎರಡು ದಿನ.

ಲೋಹದ ಟೋಪಿ, ಮುಚ್ಚಳಗಳಿಗೂ ಇದೇ ಕ್ರಮ, ದಾರ ಮಾತ್ರ ಬೇಡ. ತಿರುಪಿನ ಹಲ್ಲುಗಳಿಗೆ ಅಂಟು ಹೋಗದಂತೆ ಮೊದಲೇ ಮೇಣದಬತ್ತಿ ಉಜ್ಜಿಡಿ. ಎಲ್ಲಾ ಗಟ್ಟಿಯಾದ ಮೇಲೆ ಹಳೇ ತೂತಿಗೆ ಅಷ್ಟೇ ದಪ್ಪದ ಹಿತ್ತಾಳೆ ತಂತಿಯ ತುಂಡು ಹೊಡೆದು, ತಲೆಯನ್ನು ಸಣ್ಣ ಅರದಿಂದ ಮಟ್ಟ ಮಾಡಿ. ಸುತ್ತ ಟೇಪ್ ಹಚ್ಚಿಕೊಂಡರೆ ಗೀಟು ಬೀಳುವುದಿಲ್ಲ.

ಕಾರ್ಕಿನ ದಿಂಡು ಇದ್ದು, ಬಳೆ ಕೂತು ಕೂತು ತಗ್ಗು ಬಿದ್ದಿದ್ದರೆ ಅದಕ್ಕೊಂದು ಸುಲಭ ಉಪಾಯ. ದಿಂಡು ಬಿದಿರಿನಿಂದ ಹೊರಗಿರುವಾಗಲೇ ಇಡ್ಲಿ ಪಾತ್ರೆಯ ಹಬೆಗೆ ಹದಿನೈದು ಇಪ್ಪತ್ತು ಸೆಕೆಂಡ್ ಹಿಡಿಯಿರಿ. ಕಾರ್ಕ್ ಉಬ್ಬಿ ತಗ್ಗು ಬಹುಪಾಲು ತುಂಬುತ್ತದೆ. ಪೂರ್ತಿ ಒಣಗಿದ ಮೇಲೆ ಅಂಟಿಸಿ. ಬಿದಿರಿನ ಮೇಲೆ ಇರುವಾಗ ಇದನ್ನು ಮಾಡಿದರೆ ಏನಾಗುತ್ತದೆ ಅಂತ ಸರೇಸಿನ ಕತೆಯಲ್ಲೇ ಹೇಳಿದ್ದೇನೆ.

ಆಮೇಲೆ

ಮೊದಲು ಪೆನ್ಸಿಲ್ ಗೆರೆ ಎಳೆದು ತಿರುಚುವ ಪರೀಕ್ಷೆ ಮತ್ತೆ ಮಾಡಿ. ಆಮೇಲೆ ಹುಲ್ಲಿನ ಮೇಲೆ, ಸಣ್ಣ ಲೈನಿನಲ್ಲಿ ಬೀಸಿ. ನೀರಿಗೆ ಹೋಗಿ ಬಂದ ದಿನ ರೀಲ್ ತೆಗೆದು, ಬಳೆಯ ಅಡಿ ಒರೆಸಿ, ರಾಡನ್ನು ಒಂದು ರಾತ್ರಿ ಗಾಳಿಯಾಡುವ ಕಡೆ ನೇತುಹಾಕಿ. ಒದ್ದೆ ಚೀಲದಲ್ಲಿ ಸುತ್ತಿ ಡಬ್ಬಿಗೆ ತುರುಕಿದರೆ ಮಾಡಿದ್ದೆಲ್ಲಾ ಹೊಳೆಪಾಲು. ನಟ್ಟನ್ನು ಎರಡು ಬೆರಳಲ್ಲಿ ಬಿಗಿಯಾಗುವಷ್ಟೇ ತಿರುಗಿಸಿ, ಇಕ್ಕಳ ಬೇಡ.

ಕೊಡಗಿನ ಆ ರಾಡ್ ಈಗ ಟಿಕ್ ಅನ್ನುವುದಿಲ್ಲ. ಬದಲಿಗೆ ಫೆರೂಲ್, ಅಂದರೆ ತುಂಡುಗಳನ್ನು ಜೋಡಿಸುವ ಲೋಹದ ಕೊಳವೆ, ಮೊನ್ನೆಯಿಂದ ಕಿರ್ ಅನ್ನುತ್ತಿದೆ. ಅದರ ಅಂಟೂ ಅಷ್ಟೇ ವಯಸ್ಸಿನದು, ಅಲ್ವಾ.